ಸೊನ್ನೆ ತಿದ್ದಲು ಒಂದು ಪ್ಲಗಿನ್: ವಿಎಸ್ ಕೋಡ್‌ಗೆ ನಮ್ಮದೇ ಎಕ್ಸ್‌ಟೆನ್ಷನ್ ಬರೆಯೋಣ

ಮೆಕ್ಕೆಜೋಳ, ಕ್ವಿಂಟಲ್‌ಗೆ ನಾನ್ ರೂಪಾಯಿ. ಹೋದ ಸುಗ್ಗಿಯಲ್ಲಿ ಒಂದು ಬೆಳಗ್ಗೆ ದಾವಣಗೆರೆಯ ಒಂದು ದಲಾಲಿ ಮಂಡಿಯ ಟಿವಿ ಪರದೆ ಮೇಲೆ ಹೀಗೆ ಬಂದಿತ್ತು. ಆ ಪರದೆಗೆ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಸಾಹುಕಾರ್ರು ಫೋನ್ ಮಾಡಿ, "ಏನ್ರೀ ಇದು, ಜೋಳದ ರೇಟ್ ಇರೋ ಕಡೆ ನಾನ್ ಅಂತ ಬರ್ತೈತಲ್ರಿ, ನಾವೇನು ಹೋಟೆಲ್ ಇಟ್ಟೀವಾ?" ಎಂದರು. ನಾನಾಗ ಬೆಣ್ಣೆ ದೋಸೆ ಮುಂದೆ ಕೂತಿದ್ದೆ. ದೋಸೆ ಆರಿಹೋಯಿತು, ಅದು ಬೇರೆ ವಿಷಯ.

ಆಗಿದ್ದು ಇಷ್ಟೇ. ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು ದಿನಾ ಬೆಳಗ್ಗೆ ಧಾರಣೆ ಪಟ್ಟಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಾರೆ, ೨,೧೫೦ ಅಂತ. ನನ್ನ ಪ್ರೋಗ್ರಾಂ ಜಾವಾಸ್ಕ್ರಿಪ್ಟ್‌ನಲ್ಲಿದೆ, ಅದಕ್ಕೆ ಕನ್ನಡ ಅಂಕಿ ಓದಲು ಬರುವುದಿಲ್ಲ. ಓದಲಾಗದ್ದನ್ನೆಲ್ಲ ಅದು 'ನಾಟ್ ಎ ನಂಬರ್' ಎಂದು ತಳ್ಳಿಬಿಡುತ್ತದೆ, ಅದರ ಚುಟುಕು ರೂಪವೇ ಈ ನಾನ್. ಪೈಥಾನ್ ಇದರಲ್ಲಿ ವಾಸಿ. ಅದರ ಇಂಟ್ ಫಂಕ್ಷನ್‌ಗೆ '೧೨' ಕೊಟ್ಟರೆ ಸುಮ್ನೆ ಹನ್ನೆರಡು ಅಂತ ತೆಗೆದುಕೊಳ್ಳುತ್ತದೆ.

ಮೊದಲ ನಾಲ್ಕು ದಿನ ನಾನು ಫೈಲನ್ನು ವಿಎಸ್ ಕೋಡ್ ಎಂಬ ಕೋಡ್ ಬರೆಯುವ ಎಡಿಟರ್‌ನಲ್ಲಿ ತೆರೆದು ಫೈಂಡ್ ಅಂಡ್ ರಿಪ್ಲೇಸ್ ಮಾಡಿದೆ. ಹತ್ತು ಅಂಕಿಗೆ ಹತ್ತು ಸಲ. ಐದನೇ ದಿನ ಬೇಜಾರಾಗಿ ಒಂದು ಪ್ಲಗಿನ್ ಬರೆದೆ. ಪ್ಲಗಿನ್ ಅಂದರೆ ಎಡಿಟರ್‌ಗೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ, ಎಕ್ಸ್‌ಟೆನ್ಷನ್ ಎಂದರೂ ಅದೇ. ಪ್ರೋಗ್ರಾಂ ಒಳಗೇ ಸರಿ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಹೌದು, ಆಮೇಲೆ ಅದನ್ನೂ ಮಾಡಿದೆ. ಆದರೆ ಇಂಥ ಫೈಲ್‌ಗಳು ಮಂಡಿಯಿಂದ ಮಾತ್ರ ಬರುವುದಿಲ್ಲ. ಶಾಲೆಯ ಅಂಕಪಟ್ಟಿ, ಸಂಘದ ಚೀಟಿ ಲೆಕ್ಕ, ಊರ ಜಾತ್ರೆಯ ದೇಣಿಗೆ ಪಟ್ಟಿ, ಎಲ್ಲ ನನ್ನ ತಲೆಗೇ ಬರುತ್ತವೆ. ಬದಲಾಗುವ ಮುಂಚೆ ಒಂದು ಸಲ, ಬದಲಾದ ಮೇಲೆ ಒಂದು ಸಲ ಕಣ್ಣಾರೆ ನೋಡಬೇಕೆಂದರೆ ಎಡಿಟರ್‌ನಲ್ಲೇ ಇದ್ದರೆ ಚೆನ್ನ.

ಇದನ್ನು ನಮ್ಮ ಅಕ್ಕನ ಮಗನಿಗೆ ಫೋನ್‌ನಲ್ಲಿ ಹೇಳಿಕೊಟ್ಟೆ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಹಾಸ್ಟೆಲ್‌ನಲ್ಲಿದ್ದಾನೆ. ಇಲ್ಲಿಯೂ ಹಾಗೇ, ಬಾಯಲ್ಲಿ ಹೇಳಿದ ಹಾಗೆ ಬರೆಯುತ್ತಿದ್ದೇನೆ. ಕೋಡ್‌ನ ಪದಗಳನ್ನು ಓದುವಾಗ ಕನ್ನಡದಲ್ಲಿ ಓದಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ. ಕನ್ನಡದಲ್ಲೇ ಟೈಪ್ ಮಾಡಬೇಕಾದ ಕಡೆ ನಾನೇ ಹೇಳುತ್ತೇನೆ.

ಬೇಕಾಗುವುದೇನು

ವಿಎಸ್ ಕೋಡ್ ಒಂದಿದ್ದರೆ ಸಾಕು. ಮೈಕ್ರೋಸಾಫ್ಟ್ 2015ರಲ್ಲಿ ತಂದ ಈ ಎಡಿಟರ್ ಒಳಗೇ ಜಾವಾಸ್ಕ್ರಿಪ್ಟ್ ಓಡಿಸುವ ಎಂಜಿನ್ ಇದೆ, ಹಾಗಾಗಿ ಪ್ಲಗಿನ್ ಬರೆದು ಓಡಿಸಿ ನೋಡುವವರೆಗೂ ನೋಡ್ ಜೆಎಸ್ (ಜಾವಾಸ್ಕ್ರಿಪ್ಟನ್ನು ಬ್ರೌಸರ್ ಹೊರಗೆ ಓಡಿಸುವ ಪ್ರೋಗ್ರಾಂ) ಹಾಕಿಕೊಳ್ಳಬೇಕಿಲ್ಲ. ಕೊನೆಗೆ ಪ್ಯಾಕ್ ಮಾಡುವಾಗ ಮಾತ್ರ ಬೇಕು. ಯೋಮನ್ ಎಂಬ ಜನರೇಟರ್ ಇದೆ, ಬಹಳ ಕಡೆ ಅದರಿಂದಲೇ ಶುರು ಮಾಡಿ ಎಂದು ಹೇಳುತ್ತಾರೆ. ಅದು ಕೊಡುವ ಫೈಲ್‌ಗಳ ರಾಶಿ ನೋಡಿಯೇ ಅರ್ಧ ಜನ ಓಡಿಹೋಗುತ್ತಾರೆ. ನನ್ನ ಪ್ರಕಾರ ಮೊದಲ ಸಲಕ್ಕೆ ಅದು ಬೇಡ. ನಿಜವಾಗಿ ಬೇಕಾಗುವುದು ಎರಡೇ ಫೈಲ್.

ಸೊನ್ನೆ ಅಂತ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿರಲಿ. ಅದನ್ನು ವಿಎಸ್ ಕೋಡ್‌ನಲ್ಲಿ ತೆರೆದು, ಒಳಗೆ ಪ್ಯಾಕೇಜ್ ಡಾಟ್ ಜೇಸನ್, ಎಕ್ಸ್‌ಟೆನ್ಷನ್ ಡಾಟ್ ಜೆಎಸ್ ಎಂದು ಎರಡು ಖಾಲಿ ಫೈಲ್ ಮಾಡಿಟ್ಟುಕೊಳ್ಳಿ.

ಮೊದಲನೆಯದು ಲಗ್ನಪತ್ರಿಕೆ

ಪ್ಯಾಕೇಜ್ ಡಾಟ್ ಜೇಸನ್ ಅಂದರೆ ಲಗ್ನಪತ್ರಿಕೆ ಇದ್ದ ಹಾಗೆ. ಯಾರದು, ಎಲ್ಲಿ, ಯಾವಾಗ ಎಂಬುದು ಮಾತ್ರ ಅದರಲ್ಲಿರುತ್ತದೆ, ಊಟ ಇರುವುದಿಲ್ಲ. ವಿಎಸ್ ಕೋಡ್ ಮೊದಲು ಓದುವುದು ಇದನ್ನೇ.

ಕರ್ಲಿ ಬ್ರ್ಯಾಕೆಟ್ ಒಳಗೆ ಒಂದೊಂದಾಗಿ ಬರೆಯಿರಿ. ನೇಮ್: ಸೊನ್ನೆ, ಇಲ್ಲಿ ದೊಡ್ಡ ಅಕ್ಷರ, ಖಾಲಿ ಜಾಗ ಎರಡೂ ನಡೆಯುವುದಿಲ್ಲ. ವರ್ಷನ್: 0.0.1. ಪಬ್ಲಿಷರ್: ನಿಮ್ಮದೊಂದು ಅಡ್ಡಹೆಸರು, ಇದು ಪ್ಯಾಕ್ ಮಾಡುವಾಗ ಕೆಲಸಕ್ಕೆ ಬರುತ್ತದೆ. ಮೇನ್: ಡಾಟ್ ಸ್ಲ್ಯಾಶ್ ಎಕ್ಸ್‌ಟೆನ್ಷನ್ ಡಾಟ್ ಜೆಎಸ್, ಅಂದರೆ ಊಟ ಎಲ್ಲಿ ಎಂಬ ವಿಳಾಸ. ಆಮೇಲೆ ಎಂಜಿನ್ಸ್, ಅದರೊಳಗೆ ಇನ್ನೊಂದು ಕರ್ಲಿ ಬ್ರ್ಯಾಕೆಟ್, ಅದರಲ್ಲಿ ವಿಎಸ್‌ಕೋಡ್ ಎಂಬ ಹೆಸರಿಗೆ ^1.74.0 ಎಂದು ಕೊಡಿ. ಮುಂದಿನ ಟೋಪಿ ಗುರುತು ಬಿಡಬೇಡಿ, 'ಇದು ಅಥವಾ ಇದಕ್ಕಿಂತ ಹೊಸದು' ಎನ್ನುವುದಕ್ಕೆ ಅದು ಬೇಕು. 1.74 ಯಾಕೆ? ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪ್ಲಗಿನ್ ಯಾವಾಗ ಎಚ್ಚರಾಗಬೇಕು ಎಂಬುದನ್ನು ಆಕ್ಟಿವೇಷನ್ ಈವೆಂಟ್ಸ್ ಎಂದು ಬೇರೆಯಾಗಿ ಬರೆಯಬೇಕಿತ್ತು. ಈಗ ಕಮಾಂಡ್ ಹೆಸರು ಕೊಟ್ಟರೆ ಅದೇ ತಿಳಿದುಕೊಳ್ಳುತ್ತದೆ. ಹಳೆಯ ಪಾಠಗಳಲ್ಲಿ ಈ ಸಾಲು ಕಂಡರೆ ಗಾಬರಿಯಾಗಬೇಡಿ.

ಕೊನೆಯದು ಕಾಂಟ್ರಿಬ್ಯೂಟ್ಸ್. ಅದರೊಳಗೆ ಕಮಾಂಡ್ಸ್, ಅದಕ್ಕೆ ಚೌಕ ಬ್ರ್ಯಾಕೆಟ್, ಅದರೊಳಗೆ ಕರ್ಲಿ ಬ್ರ್ಯಾಕೆಟ್‌ನಲ್ಲಿ ಎರಡು ವಿಷಯ: ಕಮಾಂಡ್ ಎನ್ನುವುದಕ್ಕೆ 'ಸೊನ್ನೆ ಡಾಟ್ ಬದಲಿಸು', ಟೈಟಲ್ ಎನ್ನುವುದಕ್ಕೆ ಜನ ಓದುವ ಹೆಸರು. ಈ ಟೈಟಲ್ ಕನ್ನಡದಲ್ಲೇ ಇರಬಹುದು. ನಾನು ಮೊದಲು ಬಹಳ ಅಭಿಮಾನದಿಂದ 'ಕನ್ನಡ ಅಂಕಿ ಬದಲಿಸು' ಎಂದಷ್ಟೇ ಇಟ್ಟೆ. ಆಮೇಲೆ ಅದನ್ನು ಹುಡುಕಲು ಪ್ರತಿ ಸಲ ಕೀಬೋರ್ಡ್ ಕನ್ನಡಕ್ಕೆ ಬದಲಿಸಬೇಕಾಯಿತು. ಈಗ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಸೊನ್ನೆ ಎಂದೂ ಸೇರಿಸಿದ್ದೇನೆ.

ಜೇಸನ್‌ನಲ್ಲಿ ಹೆಸರು, ಬೆಲೆ ಎರಡಕ್ಕೂ ಡಬಲ್ ಕೋಟ್ಸ್ ಬೇಕು, ಕೊನೆಯ ಸಾಲಿನ ನಂತರ ಕಾಮಾ ಇರಬಾರದು. ಕೆಂಪು ಗೆರೆ ಬಂದರೆ ಈ ಎರಡರಲ್ಲಿ ಒಂದು.

ಎರಡನೆಯದು ಊಟ

ಎಕ್ಸ್‌ಟೆನ್ಷನ್ ಡಾಟ್ ಜೆಎಸ್‌ನ ಮೊದಲ ಸಾಲು: ಕಾನ್ಸ್ಟ್ ವಿಎಸ್‌ಕೋಡ್ ಈಕ್ವಲ್ಸ್ ರಿಕ್ವೈರ್, ಬ್ರ್ಯಾಕೆಟ್‌ನಲ್ಲಿ ಕೋಟ್ಸ್ ಹಾಕಿ ಮತ್ತೆ ವಿಎಸ್‌ಕೋಡ್. ಎಡಿಟರ್ ಜೊತೆ ಮಾತಾಡಲು ಬೇಕಾದದ್ದೆಲ್ಲ ಇದರಲ್ಲಿದೆ.

ಮುಂದೆ ಆಕ್ಟಿವೇಟ್ ಎಂಬ ಫಂಕ್ಷನ್, ಅದಕ್ಕೆ ಕಾಂಟೆಕ್ಸ್ಟ್ ಎಂಬ ಒಂದೇ ಪ್ಯಾರಾಮೀಟರ್. ನೀವು ಕಮಾಂಡ್ ಕರೆದಾಗ ವಿಎಸ್ ಕೋಡ್ ಮೊದಲ ಸಲ ಬಂದು ಬಾಗಿಲು ತಟ್ಟುವುದು ಇಲ್ಲಿ. ಇದರೊಳಗೆ ವಿಎಸ್‌ಕೋಡ್ ಡಾಟ್ ಕಮಾಂಡ್ಸ್ ಡಾಟ್ ರಿಜಿಸ್ಟರ್‌ಕಮಾಂಡ್ ಎಂದು ಕರೆದು ಎರಡು ವಿಷಯ ಕೊಡಿ: ಪತ್ರಿಕೆಯಲ್ಲಿ ಬರೆದ ಅದೇ ಹೆಸರು 'ಸೊನ್ನೆ ಡಾಟ್ ಬದಲಿಸು', ಮತ್ತು ಮಾಡಬೇಕಾದ ಕೆಲಸದ ಫಂಕ್ಷನ್. ಇದು ವಾಪಸ್ ಕೊಡುವುದನ್ನು ಕಾಂಟೆಕ್ಸ್ಟ್ ಡಾಟ್ ಸಬ್‌ಸ್ಕ್ರಿಪ್ಷನ್ಸ್ ಡಾಟ್ ಪುಶ್‌ಗೆ ಹಾಕಿ, ಪ್ಲಗಿನ್ ಮುಚ್ಚುವಾಗ ಎಡಿಟರ್ ತಾನೇ ಗುಡಿಸಿ ಇಡುತ್ತದೆ. ಫೈಲ್‌ನ ಕೊನೆಗೆ ಮಾಡ್ಯೂಲ್ ಡಾಟ್ ಎಕ್ಸ್‌ಪೋರ್ಟ್ಸ್ ಈಕ್ವಲ್ಸ್, ಕರ್ಲಿ ಬ್ರ್ಯಾಕೆಟ್‌ನಲ್ಲಿ ಆಕ್ಟಿವೇಟ್. ಇದನ್ನು ಮರೆತರೆ ಬಾಗಿಲೇ ಇಲ್ಲದ ಮನೆ.

ಸದ್ಯಕ್ಕೆ ಕೆಲಸದ ಫಂಕ್ಷನ್ ಒಳಗೆ ವಿಎಸ್‌ಕೋಡ್ ಡಾಟ್ ವಿಂಡೋ ಡಾಟ್ ಶೋಇನ್ಫರ್ಮೇಷನ್‌ಮೆಸೇಜ್ ಕರೆದು 'ನಮಸ್ಕಾರ' ಎಂದು ಮಾತ್ರ ಹೇಳಿಸಿ. ಈಗ ಎಫ್5 ಒತ್ತಿ. ಯಾವ ಡೀಬಗರ್ ಎಂದು ಕೇಳಿದರೆ ವಿಎಸ್ ಕೋಡ್ ಎಕ್ಸ್‌ಟೆನ್ಷನ್ ಡೆವಲಪ್‌ಮೆಂಟ್ ಆರಿಸಿ. ಇನ್ನೊಂದು ಕಿಟಕಿ ತೆರೆಯುತ್ತದೆ. ಅದು ಪ್ರಯೋಗದ ಗದ್ದೆ. ಅಲ್ಲಿ ಕಂಟ್ರೋಲ್ ಶಿಫ್ಟ್ ಪಿ ಒತ್ತಿ ನಿಮ್ಮ ಕಮಾಂಡ್ ಹುಡುಕಿ ಎಂಟರ್ ಹೊಡೆಯಿರಿ. ಬಲಗಡೆ ಕೆಳಗೆ ನಮಸ್ಕಾರ ಬಂತಾ? ಅರ್ಧ ಕೆಲಸ ಮುಗಿಯಿತು.

ಬರಲಿಲ್ಲ, ಕಮಾಂಡ್ ನಾಟ್ ಫೌಂಡ್ ಅಂತ ಬಂತು ಅಂದರೆ ಹತ್ತರಲ್ಲಿ ಒಂಬತ್ತು ಸಲ ಎರಡು ಫೈಲ್‌ನಲ್ಲಿರುವ ಹೆಸರು ಬೇರೆ ಬೇರೆ ಇರುತ್ತದೆ. ನಮ್ಮ ಹುಡುಗ ಒಂದು ಕಡೆ ನಾನು ಹೇಳಿದ ಹಾಗೆ 'ಬದಲಿಸು' ಎಂದು ಹಾಕಿದ್ದ, ಇನ್ನೊಂದು ಕಡೆ ತಾನು ಮಾತಾಡುವ ಹಾಗೆ 'ಬದ್ಲಿಸು' ಎಂದು ಹಾಕಿದ್ದ. ಕಾಲು ಗಂಟೆ ಫೋನ್‌ನಲ್ಲಿ ಹುಡುಕಿದೆವು. ಇಬ್ಬರೂ ಅದನ್ನು ಗಟ್ಟಿಯಾಗಿ ಓದಿದಾಗ ಒಂದೇ ಥರ ಕೇಳುತ್ತಿತ್ತು.

ಕೋಡ್ ಬದಲಿಸಿದ ಮೇಲೆ ಎಫ್5 ಮತ್ತೆ ಒತ್ತಬೇಕಿಲ್ಲ. ಪ್ರಯೋಗದ ಕಿಟಕಿಯಲ್ಲಿ ಕಂಟ್ರೋಲ್ ಆರ್ ಒತ್ತಿದರೆ ಹೊಸದಾಗಿ ಓದಿಕೊಳ್ಳುತ್ತದೆ. ಕನ್ಸೋಲ್ ಡಾಟ್ ಲಾಗ್ ಹಾಕಿದ್ದರೆ ಅದು ಕಾಣುವುದು ಮೊದಲ ಕಿಟಕಿಯ ಡೀಬಗ್ ಕನ್ಸೋಲ್‌ನಲ್ಲಿ, ಎರಡನೆಯದರಲ್ಲಿ ಹುಡುಕುತ್ತಾ ಕೂರಬೇಡಿ.

ಮೂರು ಸೊನ್ನೆಗಳ ಕಥೆ

ಈಗ ಅಸಲು ಕೆಲಸ. ಕನ್ನಡ ಅಂಕಿಯನ್ನು ಇಂಗ್ಲಿಷ್ ಅಂಕಿ ಮಾಡಲು ದೊಡ್ಡ ಲೆಕ್ಕ ಬೇಡ. ಈ ಹತ್ತನ್ನೂ ಸಾಲಾಗಿ ಒಂದು ಸ್ಟ್ರಿಂಗ್‌ನಲ್ಲಿ ಬರೆಯಿರಿ, ಇದನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ:

'೦೧೨೩೪೫೬೭೮೯'

ಇದರಲ್ಲಿ ೭ ಎಲ್ಲಿದೆ ಎಂದು ಇಂಡೆಕ್ಸ್‌ಆಫ್ ಮೂಲಕ ಕೇಳಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಉತ್ತರ 7. ಅಂಕಿ ಇರುವ ಜಾಗವೇ ಅದರ ಬೆಲೆ. ಸಾಲಿನಲ್ಲಿ ಇಲ್ಲದ ಅಕ್ಷರಕ್ಕೆ ಉತ್ತರ ಮೈನಸ್ ಒಂದು, ಆಗ ಅಕ್ಷರವನ್ನು ಹಾಗೇ ಬಿಟ್ಟುಬಿಡಿ.

ಅಂದಹಾಗೆ ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇಡಬಹುದು. ಆ ಸಾಲಿಗೆ 'ಅಂಕಿಗಳು', ಫಂಕ್ಷನ್‌ಗೆ 'ಅಂಕಿಬದಲಿಸು' ಎಂದೇ ಇಟ್ಟಿದ್ದೇನೆ, ಚೆನ್ನಾಗಿ ಓಡುತ್ತದೆ. ಒಂದೇ ಎಚ್ಚರಿಕೆ, ಅರ್ಧ ಅಕ್ಷರ ಬಿಡಿಸಿ ಬರೆಯಲು ನಾವು ಬಳಸುವ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್, ಅದೂ ಹೆಸರಿನ ಭಾಗವಾಗಿಬಿಡುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡು ಬೇರೆ ಹೆಸರು ಎಂದೇ ಲೆಕ್ಕ. ಒತ್ತಕ್ಷರ ಇಲ್ಲದ ಸರಳ ಹೆಸರು ಇಡಿ.

ಮೊದಲ ಸೊನ್ನೆ ಇಲ್ಲೇ ಕೈಕೊಟ್ಟಿತು. ನಾನು ಅವಸರದಲ್ಲಿ 'ಜಾಗ ಸಿಕ್ಕಿದರೆ ಬದಲಿಸು' ಎನ್ನುವುದನ್ನು 'ಜಾಗ 0ಗಿಂತ ದೊಡ್ಡದಿದ್ದರೆ' ಎಂದು ಬರೆದಿದ್ದೆ. ೨,೧೫೦ ಹೋಗಿ 2,15೦ ಆಯಿತು. ಉಳಿದದ್ದೆಲ್ಲ ಬದಲಾಯಿತು, ಸೊನ್ನೆ ಮಾತ್ರ ಕುಳಿತಲ್ಲೇ ಕುಳಿತಿತ್ತು. ಯಾಕೆಂದರೆ ೦ ಇರುವ ಜಾಗ 0, ಅದು 0ಗಿಂತ ದೊಡ್ಡದಲ್ಲ. 'ಜಾಗ ಮೈನಸ್ ಒಂದಕ್ಕೆ ಸಮವೇ' ಎಂದು ಬಿಡಿಸಿ ಕೇಳಬೇಕು.

ಅದನ್ನು ಸರಿ ಮಾಡಿದೆ. ಮಾರನೇ ದಿನ ಮತ್ತೆ ಒಂದೆರಡು ಸಾಲಿನಲ್ಲಿ ಸೊನ್ನೆ ಬದಲಾಗಲಿಲ್ಲ. ಅದೇ ತಪ್ಪು ಎಂದುಕೊಂಡು ಒಂದು ಗಂಟೆ ಕೋಡ್ ನೋಡಿದೆ, ಕೋಡ್ ಸರಿಯಾಗೇ ಇತ್ತು. ಕೊನೆಗೆ ಆ ಒಂದು ಅಕ್ಷರದ ಮೇಲೆ ಚಾರ್‌ಕೋಡ್‌ಅಟ್ ಓಡಿಸಿ ನಂಬರ್ ನೋಡಿದರೆ 3202 ಅಂತ ಬಂತು. ಕನ್ನಡದ ಸೊನ್ನೆ ಅಂಕಿಯ ನಂಬರ್ 3302. ಸರಿಯಾಗಿ ನೂರರ ಅಂತರ. 3202 ಯಾವುದು ಗೊತ್ತಾ? ಅನುಸ್ವಾರ. ಅಂ ಅಕ್ಷರದ ಪಕ್ಕದ ಸೊನ್ನೆ.

ಗುಮಾಸ್ತರಿಗೆ ಫೋನ್ ಮಾಡಿ, ಇದು ಬೇರೆ ಸೊನ್ನೆ ಎಂದೆ. "ಸೊನ್ನೆ ಅಂದ್ರೆ ಸೊನ್ನೆ ಅಲ್ವೇನ್ರಿ, ಅದರಾಗೆ ಬೇರೆ ಯಾವ್ದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದನೇ ಕ್ಲಾಸಿನಿಂದ ಎರಡಕ್ಕೂ ಸೊನ್ನೆ ಎಂದೇ ಅಲ್ವಾ ನಾವು ಹೇಳಿಕೊಂಡು ಬಂದಿರುವುದು. ಕಾಗದದ ಮೇಲೆ ಬರೆದರೂ ಒಂದೇ, ಪರದೆ ಮೇಲೂ ಹೆಚ್ಚುಕಡಿಮೆ ಒಂದೇ. ಅವರನ್ನು ತಿದ್ದುವ ಬದಲು ಪ್ಲಗಿನ್ ತಿದ್ದಿದೆ.

ಅನುಸ್ವಾರವನ್ನೆಲ್ಲ ಕಣ್ಣುಮುಚ್ಚಿ 0 ಮಾಡಿದರೆ ಬೆಂಗಳೂರು ಬೆ0ಗಳೂರು ಆಗುತ್ತದೆ. ಅಂಕಿಯ ಜೊತೆ ಬಂದಾಗ ಮಾತ್ರ ಬದಲಿಸಬೇಕು. 'ಅಂಕಿ, ಅದರ ಹಿಂದೆಯೇ ಒಂದು ಅನುಸ್ವಾರ' ಎಂದು ಹುಡುಕಿದೆ. ೨ಂ೫ಂ ಸರಿಯಾಯಿತು. ೨೧ಂಂ ಆಗಲಿಲ್ಲ, ಎರಡನೇ ಸೊನ್ನೆಯ ಮುಂಚೆ ಇರುವುದು ಅಂಕಿಯಲ್ಲ, ಇನ್ನೊಂದು ಅನುಸ್ವಾರ. ಒಂದು ಅಥವಾ ಹೆಚ್ಚು ಎಂದು ಬದಲಿಸಿದೆ. ಆಮೇಲೆ ೨,ಂ೫ಂ ಬಂತು. ಕಾಮಾದ ನಂತರದ ಸೊನ್ನೆ, ಅದೇ ಮೂರನೆಯದು. ಕೊನೆಗೆ ನಿಂತದ್ದು ಈ ಮಾದರಿ:

[೦-೯][೦-೯ಂ,.]*

ಅಂದರೆ ಒಂದು ಕನ್ನಡ ಅಂಕಿಯಿಂದ ಶುರುವಾಗಬೇಕು, ಅದರ ಹಿಂದೆ ಅಂಕಿ, ಅನುಸ್ವಾರ, ಕಾಮಾ, ಚುಕ್ಕಿ ಎಷ್ಟಾದರೂ ಬರಬಹುದು. ಚುಕ್ಕಿ ಯಾಕೆಂದರೆ ತೂಕದಲ್ಲಿ ೧೨.ಂ೫ ಕ್ವಿಂಟಲ್ ಅಂತೆಲ್ಲ ಇರುತ್ತದೆ. ಇದನ್ನು ಎರಡು ಸ್ಲ್ಯಾಶ್ ನಡುವೆ ಇಟ್ಟು ಹಿಂದೆ ಇಂಗ್ಲಿಷ್ ಜಿ ಅಕ್ಷರ ಹಾಕಿ, ಇಲ್ಲದಿದ್ದರೆ ಮೊದಲು ಸಿಕ್ಕಿದ್ದನ್ನು ಮಾತ್ರ ಬದಲಿಸಿ ನಿಂತುಬಿಡುತ್ತದೆ. ಪಠ್ಯದ ಮೇಲೆ ರಿಪ್ಲೇಸ್ ಕರೆದು, ಈ ಮಾದರಿ ಮತ್ತು ಒಂದು ಫಂಕ್ಷನ್ ಕೊಡಿ. ಸಿಕ್ಕಿದ ತುಂಡನ್ನು ಆ ಫಂಕ್ಷನ್ ಅಕ್ಷರ ಅಕ್ಷರವಾಗಿ ಬಿಡಿಸಲಿ. 'ಂ' ಆದರೆ 0, ಅಂಕಿಗಳ ಸಾಲಿನಲ್ಲಿದ್ದರೆ ಅದರ ಜಾಗ, ಎರಡೂ ಅಲ್ಲದಿದ್ದರೆ ಹಾಗೇ. ಮತ್ತೆ ಜೋಡಿಸಿ ವಾಪಸ್ ಕೊಡಲಿ. ಕಾಮಾ ತೆಗೆಯಬೇಡಿ. ಕಾಮಾದಿಂದಲೇ ಕಾಲಂ ಬೇರ್ಪಡಿಸಿದ ಫೈಲ್ ಆಗಿದ್ದರೆ ಎರಡು ರೇಟ್ ಅಂಟಿಕೊಂಡು ಮೆಕ್ಕೆಜೋಳ ಚಿನ್ನದ ಬೆಲೆಗೆ ಹೋಗುತ್ತದೆ.

ಎಡಿಟರ್‌ಗೆ ಜೋಡಿಸುವುದು

ನಮಸ್ಕಾರದ ಸಾಲು ತೆಗೆದು ಅಲ್ಲಿ ಇದನ್ನು ಬರೆಯಿರಿ. ವಿಎಸ್‌ಕೋಡ್ ಡಾಟ್ ವಿಂಡೋ ಡಾಟ್ ಆಕ್ಟಿವ್‌ಟೆಕ್ಸ್ಟ್‌ಎಡಿಟರ್ ಎನ್ನುವುದನ್ನು ಒಂದು ಹೆಸರಿಗೆ ಹಾಕಿಕೊಳ್ಳಿ. ಯಾವ ಫೈಲೂ ತೆರೆದಿಲ್ಲದಿದ್ದರೆ ಅದು ಖಾಲಿ ಇರುತ್ತದೆ, ಆಗ ರಿಟರ್ನ್ ಆಗಿಬಿಡಿ. ಅದರ ಸೆಲೆಕ್ಷನ್ ಅಂದರೆ ಮೌಸ್‌ನಲ್ಲಿ ಹಿಡಿದ ಭಾಗ. ಎಡಿಟರ್ ಡಾಟ್ ಡಾಕ್ಯುಮೆಂಟ್ ಡಾಟ್ ಗೆಟ್‌ಟೆಕ್ಸ್ಟ್‌ಗೆ ಆ ಸೆಲೆಕ್ಷನ್ ಕೊಟ್ಟರೆ ಅಲ್ಲಿನ ಪಠ್ಯ ಬರುತ್ತದೆ, ಏನೂ ಕೊಡದಿದ್ದರೆ ಇಡೀ ಫೈಲ್ ಬರುತ್ತದೆ. ಸೆಲೆಕ್ಷನ್ ಡಾಟ್ ಈಸ್‌ಎಂಪ್ಟಿ ನಿಜವಾದರೆ ಇಡೀ ಫೈಲ್ ಎಂದು ಇಟ್ಟುಕೊಳ್ಳಿ. ಅದಕ್ಕೆ ಹೊಸ ರೇಂಜ್ ಮಾಡಬೇಕು, ಡಾಕ್ಯುಮೆಂಟ್ ಡಾಟ್ ಪೊಸಿಷನ್‌ಅಟ್ ಸೊನ್ನೆಯಿಂದ ಪೊಸಿಷನ್‌ಅಟ್ ಪಠ್ಯದ ಉದ್ದದವರೆಗೆ.

ಕೊನೆಗೆ ಎಡಿಟರ್ ಡಾಟ್ ಎಡಿಟ್. ಅದಕ್ಕೆ ಕೊಡುವ ಫಂಕ್ಷನ್‌ಗೆ ಒಂದು ಬಿಲ್ಡರ್ ಸಿಗುತ್ತದೆ, ಬಿಲ್ಡರ್ ಡಾಟ್ ರಿಪ್ಲೇಸ್‌ಗೆ ರೇಂಜ್ ಮತ್ತು ಹೊಸ ಪಠ್ಯ ಕೊಡಿ. ಹೀಗೆ ಮಾಡಿದ ಬದಲಾವಣೆ ಎಷ್ಟೇ ದೊಡ್ಡದಿರಲಿ, ಒಂದೇ ಕಂಟ್ರೋಲ್ ಜೆಡ್‌ಗೆ ವಾಪಸ್ ಬರುತ್ತದೆ. ಎಡಿಟರ್ ಒಳಗೇ ಮಾಡುವುದರ ದೊಡ್ಡ ಲಾಭವೇ ಇದು.

ಮೌಸ್ ಬೇಡ, ಕೀ ಬೇಕು ಎನ್ನುವವರು ಪತ್ರಿಕೆಯ ಕಾಂಟ್ರಿಬ್ಯೂಟ್ಸ್ ಒಳಗೆ ಕೀಬೈಂಡಿಂಗ್ಸ್ ಸೇರಿಸಿ ಕಮಾಂಡ್, ಕೀ ಎರಡನ್ನೂ ಬರೆಯಿರಿ. ಸೊನ್ನೆ ತಾನೇ ಎಂದು ನಾನು ಕಂಟ್ರೋಲ್ ಕೆ, ಕಂಟ್ರೋಲ್ 0 ಇಟ್ಟೆ. ಅದು ಕೋಡನ್ನೆಲ್ಲ ಮಡಚುವ ಕೀ ಎಂದು ಆಮೇಲೆ ಗೊತ್ತಾಯಿತು. ಕೀಬೋರ್ಡ್ ಶಾರ್ಟ್‌ಕಟ್ಸ್ ಪುಟದಲ್ಲಿ ಒಮ್ಮೆ ನೋಡಿ ಇಡಿ.

ಒಂದು ಮಾತು, ಇದೆಲ್ಲ ಯೂನಿಕೋಡ್ ಪಠ್ಯಕ್ಕೆ ಮಾತ್ರ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಫೈಲ್ ವಿಎಸ್ ಕೋಡ್‌ನಲ್ಲಿ ಕನ್ನಡವಾಗಿ ಕಾಣುವುದೇ ಇಲ್ಲ, ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಪ್ಯಾಕ್ ಮಾಡುವುದು

ಈಗ ನೋಡ್ ಜೆಎಸ್ ಬೇಕು. ಫೋಲ್ಡರ್‌ನಲ್ಲಿ ರೀಡ್‌ಮೀ ಡಾಟ್ ಎಂಡಿ ಎಂದು ಒಂದು ಫೈಲ್ ಮಾಡಿ, ಪ್ಲಗಿನ್ ಏನು ಮಾಡುತ್ತದೆಂದು ಎರಡು ಸಾಲು ಬರೆಯಿರಿ. ಟರ್ಮಿನಲ್‌ನಲ್ಲಿ ಎನ್‌ಪಿಎಕ್ಸ್, ಅಟ್ ವಿಎಸ್‌ಕೋಡ್ ಸ್ಲ್ಯಾಶ್ ವಿಎಸ್‌ಸಿಇ, ಪ್ಯಾಕೇಜ್ ಎಂದು ಹೊಡೆಯಿರಿ. ರೆಪೊಸಿಟರಿ ಇಲ್ಲ, ಲೈಸೆನ್ಸ್ ಇಲ್ಲ ಎಂದು ಗೊಣಗುತ್ತದೆ, ಮುಂದುವರಿಸು ಎಂದು ವೈ ಒತ್ತಿ. ಸೊನ್ನೆ-0.0.1 ಎಂಬ ವಿಎಸ್‌ಐಎಕ್ಸ್ ಫೈಲ್ ಸಿಗುತ್ತದೆ. ಎಕ್ಸ್‌ಟೆನ್ಷನ್ಸ್ ಪಟ್ಟಿಯ ಮೇಲಿನ ಮೂರು ಚುಕ್ಕಿ ಒತ್ತಿ, ಇನ್‌ಸ್ಟಾಲ್ ಫ್ರಂ ವಿಎಸ್‌ಐಎಕ್ಸ್ ಆರಿಸಿದರೆ ಮುಗಿಯಿತು. ಇಂಟರ್ನೆಟ್ ಬೇಡ, ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ನಡೆಯುತ್ತದೆ. ಎಲ್ಲರಿಗೂ ಸಿಗಲಿ ಎಂದು ಮಾರ್ಕೆಟ್‌ಪ್ಲೇಸ್‌ಗೆ ಹಾಕುವುದು ಬೇರೆಯದೇ ಪುರಾಣ, ನಾನಂತೂ ಹಾಕಿಲ್ಲ.

ಹಾಗಂತ ಯಾರೋ ಕಳಿಸಿದ ವಿಎಸ್‌ಐಎಕ್ಸ್ ಫೈಲನ್ನೆಲ್ಲ ಹಾಕಿಕೊಳ್ಳಬೇಡಿ. ಪ್ಲಗಿನ್‌ಗೆ ಕಟ್ಟು ಇರುವುದಿಲ್ಲ. ನಿಮ್ಮ ಫೈಲ್ ಓದುವುದು, ಅಳಿಸುವುದು, ನೆಟ್‌ಗೆ ಕಳಿಸುವುದು, ನೀವು ಏನು ಮಾಡಬಹುದೋ ಅದೆಲ್ಲ ಅದೂ ಮಾಡಬಹುದು.

ಎಲ್ಲ ಮುಗಿದು ಎರಡು ದಿನಕ್ಕೆ ಹುಡುಗನ ಫೋನ್ ಬಂತು. "ಮಾಮ, ನಿನ್ನೆ ತನಕ ಓಡ್ತಿತ್ತು, ಇವತ್ತು ಕಮಾಂಡ್ ಕೊಟ್ರೆ ಏನೂ ಆಗ್ತಿಲ್ಲ. ಎರರ್ ಕೂಡ ಬರ್ತಿಲ್ಲ." ಎಕ್ಸ್‌ಟೆನ್ಷನ್ ಡಾಟ್ ಜೆಎಸ್ ಕಳಿಸು ಎಂದೆ. ತೆರೆದು ನೋಡಿದರೆ ಅಂಕಿಗಳ ಸಾಲು '0123456789' ಆಗಿದೆ. ಮಾದರಿ [0-9][0-90,.]* ಆಗಿದೆ, ಅದರಲ್ಲಿದ್ದ ಅನುಸ್ವಾರವೂ 0 ಆಗಿಹೋಗಿದೆ. ಪ್ರಯೋಗಕ್ಕೆ ಬೇರೆ ಫೈಲ್ ಕೈಗೆ ಸಿಗಲಿಲ್ಲವಂತೆ, ಪ್ಲಗಿನ್‌ನ ಫೈಲ್ ಮೇಲೇ ಪ್ಲಗಿನ್ ಓಡಿಸಿ ಸೇವ್ ಮಾಡಿದ್ದಾನೆ. ಅದು ಪಾಪ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿ ತನ್ನನ್ನೇ ತಿದ್ದಿಕೊಂಡಿದೆ, ಈಗ 7 ಸಿಕ್ಕಿದರೆ ಅದನ್ನು 7 ಮಾಡುತ್ತಾ ಕೂತಿದೆ. ಕಂಟ್ರೋಲ್ ಜೆಡ್ ಒತ್ತು ಎಂದೆ. ಕಿಟಕಿ ರಾತ್ರಿಯೇ ಮುಚ್ಚಿಬಿಟ್ಟಿದ್ದೇನೆ ಎಂದ. ನನ್ನ ಫೈಲನ್ನೇ ವಾಟ್ಸಾಪ್‌ನಲ್ಲಿ ಮತ್ತೆ ಕಳಿಸಿದೆ.